ಅಂಗಡಿಯಲ್ಲಿ ಸೋರಿದ ಮಾಹಿತಿ, ಮನೆಯಲ್ಲಿ ಇರಬೇಕಾದ ಎಚ್ಚರ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಬ್ಯಾಂಕಿನ ವಿಷಯ ಮಾತನಾಡಲು ಭಾಷೆಯ ಮೇಷ್ಟ್ರು ಯಾಕೆ ಎಂದು ನಿಮಗೆ ಅನಿಸಬಹುದು. ಅದಕ್ಕೇ ಎರಡೂ ಭಾಷೆಗಳಲ್ಲಿರುವ ಒಂದು ಪದದಿಂದ ಆರಂಭಿಸುತ್ತೇನೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ಒಬ್ಬರು ನಂಬಿ ಇನ್ನೊಬ್ಬರ ವಶಕ್ಕೆ ಕೊಟ್ಟ ವಸ್ತು. ಅದೇ ಪದ ಕನ್ನಡಕ್ಕೆ ಬಂದು ‘ಅಮಾನತು’ ಆಗಿದೆ. ಈಗ ಪತ್ರಿಕೆಗಳಲ್ಲಿ ನೌಕರರನ್ನು ಕೆಲಸದಿಂದ ತಡೆಹಿಡಿದ ಸುದ್ದಿಯಲ್ಲೇ ಅದು ಹೆಚ್ಚಾಗಿ ಕಾಣಿಸುತ್ತದೆ. ಹಳೆಯ ಅರ್ಥ ಮಾತ್ರ ಇಂದಿಗೂ ನಮಗೆ ಬೇಕಾದದ್ದೇ. ಬ್ಯಾಂಕಿನಲ್ಲಿಟ್ಟ ಹಣ ಅಮಾನತ್. ಅಂಗಡಿಯಲ್ಲಿ ಉಜ್ಜುವ ಕಾರ್ಡಿನ ಸಂಖ್ಯೆಯೂ ಅಮಾನತ್. ಆ ಅಮಾನತ್ತನ್ನು ಅಂಗಡಿಯವರು ಕಳೆದುಕೊಂಡರೆ, ನಂಬಿ ಕೊಟ್ಟವರ ಗತಿ ಏನು? ಇದೇ ಇಂದಿನ ವಿಷಯ.

ಈ ನಂಬಿಕೆಯ ವ್ಯವಹಾರ ನಮ್ಮ ಜಿಲ್ಲೆಗೆ ಹೊಸದಲ್ಲ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕನ್ನು ಸ್ಥಾಪಿಸಿದರು. ಮೊದಲ ದಿನದ ಕೊನೆಗೆ ಅದರಲ್ಲಿ ಸಂಗ್ರಹವಾಗಿದ್ದದ್ದು 38 ರೂಪಾಯಿ 13 ಆಣೆ 2 ಪೈ. 1928ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಇನ್ನೊಂದು ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೆ ಏಜೆಂಟರು ಬಂದರು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಹೆಸರು ಹೋದರೂ ಪಾಠ ಹೋಗಿಲ್ಲ. ಪಿಗ್ಮಿ ಕಟ್ಟಿದವರಿಗೆ ಹಣ ಒಯ್ದವರ ಮುಖ ಗೊತ್ತಿತ್ತು, ಮನೆ ಗೊತ್ತಿತ್ತು. ಇಂದು ನಮ್ಮ ಕಾರ್ಡಿನ ಮಾಹಿತಿ ಯಾರ ಯಾರ ಕೈ ದಾಟಿ ಹೋಗುತ್ತದೆ ಎಂಬುದು ನಮಗೆ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ನೋಡಿ. ಅಮೆರಿಕದಲ್ಲಿ ಟಾರ್ಗೆಟ್ ಎಂಬ ಬಹುದೊಡ್ಡ ಅಂಗಡಿ ಸಮೂಹವಿದೆ. 2013ರ ನವೆಂಬರ್ 27ರಿಂದ ಡಿಸೆಂಬರ್ 15ರವರೆಗೆ, ಹಬ್ಬದ ಖರೀದಿಯ ಭರಾಟೆಯಲ್ಲಿ, ಅಲ್ಲಿ ಉಜ್ಜಿದ ಸುಮಾರು 4 ಕೋಟಿ ಕಾರ್ಡುಗಳ ಮಾಹಿತಿ ಕಳುವಾಯಿತು. ಕಳ್ಳರು ಅಂಗಡಿಯ ಮುಂಬಾಗಿಲಿನಿಂದ ಬರಲಿಲ್ಲ. ಅಂಗಡಿಗಳ ಶೀತಲೀಕರಣ ಯಂತ್ರ ನೋಡಿಕೊಳ್ಳುತ್ತಿದ್ದ ಒಬ್ಬ ಗುತ್ತಿಗೆದಾರನ ಪಾಸ್‌ವರ್ಡ್ ಕದ್ದು ಒಳಹೊಕ್ಕರು. ಬಿಲ್ಲಿಂಗ್ ಯಂತ್ರಗಳಲ್ಲಿ ಕುತಂತ್ರಾಂಶ ಸೇರಿಸಿ, ಕಾರ್ಡ್ ಉಜ್ಜಿದ ಕ್ಷಣದಲ್ಲೇ ಅದರ ಮಾಹಿತಿಯನ್ನು ನಕಲು ಮಾಡಿಕೊಂಡರು. ಗ್ರಾಹಕರು ಏನೂ ತಪ್ಪು ಮಾಡಿರಲಿಲ್ಲ. ಸಾಮಾನು ಕೊಂಡು ಹಣ ಕೊಟ್ಟಿದ್ದರು, ಅಷ್ಟೇ.

ನಮ್ಮ ದೇಶದಲ್ಲಿಯೂ ಇಂಥದ್ದು ನಡೆದಿದೆ. 2016ರ ಅಕ್ಟೋಬರ್‌ನಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳು ಅಪಾಯದಲ್ಲಿವೆ ಎಂಬ ಸುದ್ದಿ ಬಂತು. ಸೋರಿಕೆ ಆದದ್ದು ಬ್ಯಾಂಕಿನ ತಿಜೋರಿಯಿಂದ ಅಲ್ಲ. ಎಟಿಎಂ ವ್ಯವಹಾರ ನಡೆಸಿಕೊಡುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವೀಸಸ್ ಎಂಬ ಕಂಪನಿಯ ಯಂತ್ರವ್ಯವಸ್ಥೆಯಲ್ಲಿ ಕುತಂತ್ರಾಂಶ ಸೇರಿತ್ತು. 2017ರ ಫೆಬ್ರವರಿಯಲ್ಲಿ ಕಂಪನಿಯೇ ಇದನ್ನು ಒಪ್ಪಿಕೊಂಡಿತು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ತಡೆದು ಹೊಸ ಕಾರ್ಡು ಕೊಡಬೇಕಾಯಿತು. ರಾಷ್ಟ್ರೀಯ ಪಾವತಿ ನಿಗಮ ಆಗ ನೀಡಿದ ಲೆಕ್ಕದಂತೆ ಹಣ ಕಳೆದುಕೊಂಡವರು 641 ಗ್ರಾಹಕರು, ಮೊತ್ತ ರೂ. 1.3 ಕೋಟಿ. 32 ಲಕ್ಷ ಎಲ್ಲಿ, 641 ಎಲ್ಲಿ? ಮಾಹಿತಿ ಸೋರಿದ ಕೂಡಲೇ ಹಣ ಹೋಯಿತು ಎಂದಲ್ಲ. ಸೋರಿಕೆಗೂ ಹಣ ಹೋಗುವುದಕ್ಕೂ ನಡುವೆ ಸ್ವಲ್ಪ ಕಾಲಾವಕಾಶ ಇರುತ್ತದೆ. ಗ್ರಾಹಕರ ರಕ್ಷಣೆ ನಡೆಯಬೇಕಾದದ್ದು ಆ ಅವಕಾಶದಲ್ಲಿಯೇ.

ಇನ್ನು ಬೆಂಗಳೂರಿಗೆ ಬರೋಣ. ಮನೆಗೆ ದಿನಸಿ ತಲುಪಿಸುವ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಮಾರಾಟಕ್ಕಿದೆ ಎಂದು 2020ರ ನವೆಂಬರ್‌ನಲ್ಲಿ ಬಯಲಾಯಿತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಕಾರ್ಡ್ ಸಂಖ್ಯೆಗಳನ್ನು ತಾನು ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಅವು ಸುರಕ್ಷಿತ ಎಂದು ಹೇಳಿತು. ಸೋರಿದ್ದರಲ್ಲಿ ಹೆಸರು, ಫೋನ್ ಸಂಖ್ಯೆ, ಇಮೇಲ್, ಮನೆ ವಿಳಾಸ, ಹುಟ್ಟಿದ ದಿನಾಂಕ ಇದ್ದವು. ಕೆಲವೇ ವಾರಗಳ ನಂತರ, 2021ರ ಜನವರಿಯಲ್ಲಿ, ಬೆಂಗಳೂರಿನದೇ ಆದ ಜಸ್‌ಪೇ ಎಂಬ ಕಂಪನಿಯ ಸುದ್ದಿ ಬಂತು. ಅನೇಕ ಆನ್‌ಲೈನ್ ಅಂಗಡಿಗಳ ಪರವಾಗಿ ಹಣ ಪಾವತಿ ನಡೆಸಿಕೊಡುವ ಕಂಪನಿ ಅದು. 2020ರ ಆಗಸ್ಟ್‌ನಲ್ಲಿ ಅಲ್ಲಿಂದ ಸುಮಾರು 3.5 ಕೋಟಿ ಕಾರ್ಡುಗಳ ದಾಖಲೆ ಹೊರಹೋಗಿತ್ತು. ಪೂರ್ಣ ಸಂಖ್ಯೆ ಹೋಗಿಲ್ಲ, ನಡುವಿನ ಅಂಕೆಗಳನ್ನು ಮರೆಮಾಡಿದ ದಾಖಲೆಗಳು ಮಾತ್ರ ಹೋಗಿವೆ ಎಂಬುದು ಕಂಪನಿಯ ಹೇಳಿಕೆ.

‘ಪೂರ್ಣ ಸಂಖ್ಯೆ ಹೋಗಿಲ್ಲವಲ್ಲ, ಮತ್ತೇಕೆ ಚಿಂತೆ?’ ಎಂದು ನೀವು ಕೇಳಬಹುದು. ಇಲ್ಲಿ ಸ್ವಲ್ಪ ಗಮನ ಕೊಡಿ. ಕಾರ್ಡಿನ ಮೊದಲ ಆರು ಅಂಕೆಗಳಿಂದ ಅದು ಯಾವ ಬ್ಯಾಂಕಿನದು ಎಂದು ತಿಳಿಯುತ್ತದೆ. ಕೊನೆಯ ನಾಲ್ಕು ಅಂಕೆಗಳು ನಮ್ಮ ಎಸ್‌ಎಂಎಸ್‌ಗಳಲ್ಲಿ ಬರುವಂಥವು. ನಮ್ಮ ದೇಶದಲ್ಲಿ 2009ರ ಆಗಸ್ಟ್‌ನಿಂದ, ಇಂಟರ್‌ನೆಟ್ ಮೂಲಕ ಕಾರ್ಡಿನಿಂದ ಹಣ ಕೊಡುವಾಗ ಕಾರ್ಡಿನ ಮೇಲೆ ಅಚ್ಚಾದ ವಿವರಗಳಷ್ಟೇ ಸಾಲದು, ಇನ್ನೊಂದು ಗುಟ್ಟಿನ ಪರೀಕ್ಷೆ ಇರಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಇಂದು ಆ ಪರೀಕ್ಷೆ ಹೆಚ್ಚಾಗಿ ಒಟಿಪಿಯ ರೂಪದಲ್ಲಿ ನಮ್ಮ ಫೋನಿಗೆ ಬರುತ್ತದೆ. ಹಾಗಾಗಿ ಕದ್ದ ಮಾಹಿತಿಯನ್ನು ಹಣವಾಗಿ ಮಾಡಿಕೊಳ್ಳಬೇಕಾದರೆ ಕಳ್ಳನಿಗೆ ಇನ್ನೊಂದು ವಸ್ತು ಬೇಕು. ಆ ವಸ್ತು ಇರುವುದು ನಿಮ್ಮ ಕೈಯಲ್ಲಿ. ಅದನ್ನು ಕೇಳಿ ಪಡೆಯಲು ಅವನು ಫೋನ್ ಮಾಡುತ್ತಾನೆ.

ಅಂದರೆ ಕಳ್ಳತನ ಎರಡು. ಮೊದಲನೆಯದು ಅಂಗಡಿಯಲ್ಲಿ. ಅದನ್ನು ನಾವು ತಡೆಯಲಾರೆವು. ಎರಡನೆಯದು ನಮ್ಮ ಮನೆಯ ಜಗಲಿಯಲ್ಲಿ. ಅದು ನಮ್ಮ ಸಹಾಯವಿಲ್ಲದೆ ನಡೆಯುವುದು ಕಷ್ಟ.

ಈ ಎರಡನೆಯ ಕಳ್ಳನ ಭಾಷೆಯ ಬಗ್ಗೆ ಭಾಷೆಯ ಮೇಷ್ಟ್ರಾಗಿ ಒಂದು ಮಾತು ಹೇಳಬೇಕು. ‘ಆಪಾ, ಮೈಂ ಬ್ಯಾಂಕ್ ಸೇ ಬೋಲ್ ರಹಾ ಹೂಂ’ ಎಂದು ಅತ್ತ ಕಡೆಯಿಂದ ಮರ್ಯಾದೆಯ ಮಾತು ಕೇಳಿದಾಗ, ಮನೆಯಲ್ಲಿ ಉರ್ದು ಆಡುವ ನಮ್ಮ ತಾಯಂದಿರ ಮನಸ್ಸು ಕರಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಇಂಗ್ಲಿಷ್ ಫಾರಂ ಮುಂದೆ ಅಳುಕಿ ನಿಂತವರಿಗೆ, ತಮ್ಮ ಮಾತಿಗೆ ಹತ್ತಿರದ ಮಾತಿನಲ್ಲಿ ಯಾರೋ ಗೌರವದಿಂದ ಕರೆದರೆ ಅದೇ ಒಂದು ಸಮಾಧಾನ. ಆತ ಹೆಸರು ಹೇಳುತ್ತಾನೆ, ಮನೆ ವಿಳಾಸ ಹೇಳುತ್ತಾನೆ, ಕಾರ್ಡಿನ ಕೊನೆಯ ನಾಲ್ಕು ಅಂಕೆಯನ್ನೂ ಹೇಳುತ್ತಾನೆ. ‘ಇಷ್ಟೆಲ್ಲ ಗೊತ್ತಿರುವವನು ಬ್ಯಾಂಕಿನವನೇ ಇರಬೇಕು’ ಎಂದು ಯಾರಿಗಾದರೂ ಅನಿಸುತ್ತದೆ. ಆಮೇಲೆ, ‘ನಿಮ್ಮ ಮಾಹಿತಿ ಸೋರಿಕೆಯಾಗಿದೆ, ಕಾರ್ಡ್ ಬಂದ್ ಆಗುತ್ತದೆ, ಉಳಿಸಿಕೊಳ್ಳಲು ಈಗ ಬಂದ ನಂಬರ್ ಹೇಳಿ’ ಎನ್ನುತ್ತಾನೆ. ಸೋರಿಕೆಯ ನಿಜವಾದ ಸುದ್ದಿಯನ್ನೇ ಗಾಳವಾಗಿ ಬಳಸುತ್ತಾನೆ. ಆದ್ದರಿಂದ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಿ: ನಮ್ಮ ವಿವರ ಗೊತ್ತಿರುವುದು ಬ್ಯಾಂಕಿನವನೆಂಬುದಕ್ಕೆ ಸಾಕ್ಷಿಯಲ್ಲ. ಕಾರ್ಡನ್ನು ಬಂದ್ ಮಾಡಲು ಬ್ಯಾಂಕಿಗೆ ನಿಮ್ಮ ಒಟಿಪಿ ಬೇಕಾಗಿಲ್ಲ. ಬೇಕೆನ್ನುವವನು ಕಳ್ಳ.

ಸರಿ, ಎಚ್ಚರದಿಂದ ಇದ್ದರೂ ಹಣ ಹೋಯಿತು ಎಂದಿಟ್ಟುಕೊಳ್ಳೋಣ. ನಷ್ಟ ಯಾರದು? ನಮ್ಮಲ್ಲಿ ಬಹಳ ಜನ ‘ಹೋದದ್ದು ಹೋಯಿತು, ಯಾರಿಗೆ ಹೇಳುವುದು, ನಗೆಪಾಟಲು’ ಎಂದು ಸುಮ್ಮನಾಗುತ್ತಾರೆ. ಗಂಡ ಗಲ್ಫಿನಲ್ಲಿ ದುಡಿದು ಕಳಿಸಿದ ಹಣವಾದರಂತೂ ಹೆಣ್ಣುಮಕ್ಕಳು ಅವರಿಗೆ ತಿಳಿಸಲೂ ಹೆದರುತ್ತಾರೆ. ಈ ಮೌನವೇ ದೊಡ್ಡ ನಷ್ಟ. ಏಕೆಂದರೆ ಈ ವಿಷಯದಲ್ಲಿ ಕಾನೂನು ಗ್ರಾಹಕರ ಪರ ಇದೆ, ಆದರೆ ಅದು ದಿನ ಎಣಿಸುತ್ತದೆ.

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಎಲ್ಲ ವಾಣಿಜ್ಯ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಹೊರಡಿಸಿತು. ಅದರ ಸಾರ ಹೀಗಿದೆ.

ಬ್ಯಾಂಕಿನ ತಪ್ಪಿನಿಂದ ಹಣ ಹೋಗಿದ್ದರೆ, ಗ್ರಾಹಕರು ತಿಳಿಸಲಿ ಬಿಡಲಿ, ಅವರ ಹೊಣೆ ಸೊನ್ನೆ.

ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಹೊಣೆ ಸೊನ್ನೆ. ಅಂಗಡಿಯ ಸೋರಿಕೆ ಈ ಗುಂಪಿಗೆ ಸೇರುತ್ತದೆ. ನಾಲ್ಕರಿಂದ ಏಳು ಕೆಲಸದ ದಿನಗಳಲ್ಲಿ ತಿಳಿಸಿದರೆ ಗ್ರಾಹಕರ ಹೊಣೆಗೆ ಮಿತಿ ಇದೆ. ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲದ ಮೂಲ ಉಳಿತಾಯ ಖಾತೆಗೆ ರೂ. 5,000, ಸಾಮಾನ್ಯ ಉಳಿತಾಯ ಖಾತೆಗೆ ರೂ. 10,000. ಹೋದ ಹಣ ಇದಕ್ಕಿಂತ ಕಡಿಮೆಯಾಗಿದ್ದರೆ ಹೋದಷ್ಟೇ ಹೊಣೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನಿಯಮವೇ ಅಂತಿಮ.

ಗ್ರಾಹಕರ ಅಜಾಗ್ರತೆಯಿಂದ, ಉದಾಹರಣೆಗೆ ಪಿನ್ ಅಥವಾ ಒಟಿಪಿ ಹೇಳಿಕೊಟ್ಟದ್ದರಿಂದ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ಆದರೆ ಇಲ್ಲಿಯೂ ಒಂದು ಬಾಗಿಲು ತೆರೆದಿದೆ. ತಿಳಿಸಿದ ಕ್ಷಣದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ.

ಒಂದು ಲೆಕ್ಕ ಮಾಡೋಣ. ಯಾರೋ ಒಬ್ಬರ ಸಾಮಾನ್ಯ ಉಳಿತಾಯ ಖಾತೆಯಿಂದ ಸೋಮವಾರ ರೂ. 18,000 ಹೋಯಿತು, ಅಂದೇ ಎಸ್‌ಎಂಎಸ್ ಬಂತು. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಂಗಳ, ಬುಧ, ಗುರು, ಈ ಮೂರು ದಿನಗಳೊಳಗೆ ತಿಳಿಸಿದರೆ ಪೂರ್ತಿ ರೂ. 18,000 ಹಿಂದಕ್ಕೆ ಬರಬೇಕು. ಶುಕ್ರವಾರ ತಿಳಿಸಿದರೆ ರೂ. 10,000 ಅವರ ತಲೆಗೆ, ರೂ. 8,000 ಮಾತ್ರ ವಾಪಸು. ಒಂದು ದಿನದ ಸಂಕೋಚಕ್ಕೆ ಹತ್ತು ಸಾವಿರ ರೂಪಾಯಿ!

ತಿಳಿಸಿದ ಮೇಲೆ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು ಎಂದೂ ಸುತ್ತೋಲೆ ಹೇಳಿತು. ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಪ್ಪು ಗ್ರಾಹಕರದು ಎಂದು ಸಾಧಿಸುವ ಭಾರ ಬ್ಯಾಂಕಿನ ಮೇಲಿದೆ. ‘ನೀವೇ ಒಟಿಪಿ ಕೊಟ್ಟಿರಬೇಕು’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಲು ಬರುವುದಿಲ್ಲ. ಇಂಥ ನಿಯಮಗಳನ್ನು ರಿಸರ್ವ್ ಬ್ಯಾಂಕ್ ಆಗಾಗ ಪರಿಷ್ಕರಿಸುತ್ತದೆ. ಆದ್ದರಿಂದ ಈಗ ಎಷ್ಟು ದಿನ, ಎಷ್ಟು ಮೊತ್ತ ಎಂದು ನಿಮ್ಮ ಶಾಖೆಯಲ್ಲಿ ಒಮ್ಮೆ ಕೇಳಿಟ್ಟುಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಅಂಗಡಿಯವರಿಗೆ ಶಿಕ್ಷೆ ಇಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ‘ಟೋಕನ್’ ಎಂಬ ಬದಲಿ ಸಂಖ್ಯೆ ಬಳಸಬೇಕು. ಒಂದು ಅಂಗಡಿಗೆ ಕೊಟ್ಟ ಟೋಕನ್ ಇನ್ನೊಂದು ಅಂಗಡಿಯಲ್ಲಿ ನಡೆಯುವುದಿಲ್ಲ, ಆದ್ದರಿಂದ ಕದ್ದರೂ ಅಷ್ಟಾಗಿ ಉಪಯೋಗವಿಲ್ಲ. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಅದನ್ನು ಹಂತಹಂತವಾಗಿ ಜಾರಿಗೆ ತರುವ ವ್ಯವಸ್ಥೆ ಇದೆ. ಮಾಹಿತಿಯನ್ನು ಸರಿಯಾಗಿ ಕಾಪಾಡದ ಸಂಸ್ಥೆಗೆ ರೂ. 250 ಕೋಟಿಯವರೆಗೆ ದಂಡ ಹಾಕಬಹುದು, ಸೋರಿಕೆಯಾದರೆ ಅದನ್ನು ಗ್ರಾಹಕರಿಗೆ ತಿಳಿಸಲೇಬೇಕು. ಒಳ್ಳೆಯ ಕಾಯ್ದೆ. ಆದರೆ ಆ ದಂಡ ಸೇರುವುದು ಸರ್ಕಾರದ ನಿಧಿಗೆ, ನಿಮ್ಮ ಖಾತೆಗೆ ಅಲ್ಲ. ನಿಮ್ಮ ಹಣ ನಿಮಗೆ ಬರಬೇಕಾದರೆ ಬ್ಯಾಂಕಿಗೆ ನೀವೇ ಹೇಳಬೇಕು, ಬೇಗ ಹೇಳಬೇಕು.

ಈಗ ನಮ್ಮ ಊರಿನ ಪರಿಸ್ಥಿತಿ. ನಮ್ಮದು ಘಟ್ಟದ ಬುಡದ ಊರು. ಮಳೆಗಾಲದಲ್ಲಿ ಕರೆಂಟು ಹೋದರೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಖಾತೆ ತಾಯಿಯ ಹೆಸರಿನಲ್ಲಿ, ಬ್ಯಾಂಕಿಗೆ ಕೊಟ್ಟ ಫೋನ್ ಸಂಖ್ಯೆ ತಂದೆಯದು, ತಂದೆ ಇರುವುದು ದುಬೈನಲ್ಲೋ ದಮಾಮಿನಲ್ಲೋ. ಆ ಸಿಮ್ ಬಂದ್ ಆಗಿ ವರ್ಷಗಳೇ ಆಗಿರುತ್ತವೆ. ಕಾರ್ಡಿನ ಕವರಿನ ಮೇಲೆಯೇ ಪಿನ್ ಬರೆದು ಇಟ್ಟಿರುವುದನ್ನು ನಾನು ಕಂಡಿದ್ದೇನೆ. ಅಂಥ ಕಾರ್ಡನ್ನು ‘ಎರಡು ಸಾವಿರ ತೆಗೆದುಕೊಂಡು ಬಾ ಮಗಾ’ ಎಂದು ಪೇಟೆಗೆ ಹೊರಟ ಯಾರದೋ ಕೈಗೆ ಕೊಡುವುದೂ ಉಂಟು. ಇದರಲ್ಲಿ ಕೆಟ್ಟ ಉದ್ದೇಶ ಇಲ್ಲ, ಪರಸ್ಪರ ನಂಬಿಕೆ ಇದೆ. ಆದರೆ ನಾಳೆ ಹಣ ಹೋದರೆ ಬ್ಯಾಂಕು ಇದನ್ನು ನಂಬಿಕೆ ಎನ್ನುವುದಿಲ್ಲ, ಅಜಾಗ್ರತೆ ಎನ್ನುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೇ, ನಿಮಗೆ ನಾನು ಒಂದು ಮನೆಗೆಲಸ ಕೊಡುತ್ತೇನೆ. ಇದಕ್ಕೆ ಅಂಕ ಇಲ್ಲ. ಒಂದು ಸಂಜೆ ತಾಯಿಯ ಪಕ್ಕ ಕುಳಿತು ಈ ಕೆಲಸಗಳನ್ನು ಮುಗಿಸಿ.

ಒಂದು, ಬ್ಯಾಂಕಿನಲ್ಲಿ ದಾಖಲಾದ ಫೋನ್ ಸಂಖ್ಯೆ ಈಗ ಮನೆಯಲ್ಲಿ ರಿಂಗ್ ಆಗುವ ಸಂಖ್ಯೆಯೇ ಎಂದು ನೋಡಿ. ಅಲ್ಲದಿದ್ದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಬದಲಿಸಿ.

ಎರಡು, ಕಾರ್ಡಿನ ಹಿಂದೆ ಬರೆದಿರುವ ಬ್ಯಾಂಕಿನ ಉಚಿತ ಸಹಾಯವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾರ್ಡೇ ಕಳೆದುಹೋದರೆ ಅದರ ಹಿಂದಿನ ಸಂಖ್ಯೆ ಎಲ್ಲಿ ಹುಡುಕುವಿರಿ? ಅದರ ಕೆಳಗೆ 1930 ಎಂದು ದೊಡ್ಡದಾಗಿ ಬರೆಯಿರಿ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ ಅದು. ಬೇಗ ತಿಳಿಸಿದರೆ ಕಳ್ಳನ ಖಾತೆಗೆ ಹೋದ ಹಣವನ್ನು ಅಲ್ಲಿಯೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಮೂರು, ಕಾರ್ಡಿನಲ್ಲಿ ಬೇಡದ ಬಾಗಿಲುಗಳನ್ನು ಮುಚ್ಚಿ. ವಿದೇಶಿ ವ್ಯವಹಾರ, ಇಂಟರ್‌ನೆಟ್ ಖರೀದಿ, ಪಿನ್ ಇಲ್ಲದೆ ತಾಗಿಸಿ ಹಣ ಕೊಡುವುದು, ಇವನ್ನೆಲ್ಲ ಬೇಕಾದಾಗ ತೆರೆದು ಬೇಡದಾಗ ಮುಚ್ಚುವ ಸೌಲಭ್ಯವನ್ನು ಗ್ರಾಹಕರಿಗೆ ಕೊಡಬೇಕೆಂದು 2020ರಲ್ಲಿಯೇ ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಹೊರದೇಶದ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳುವುದಿಲ್ಲ. ಆದ್ದರಿಂದ ವಿದೇಶಿ ವ್ಯವಹಾರದ ಬಾಗಿಲು ಮುಚ್ಚಿರುವುದು ಮೊದಲ ಅಗತ್ಯ.

ನಾಲ್ಕು, ಪಿನ್ ಬರೆದ ಚೀಟಿಯನ್ನು ಹರಿದು ಹಾಕಿ, ಹೊಸ ಪಿನ್ ಇಟ್ಟುಕೊಳ್ಳಲು ಸಹಾಯ ಮಾಡಿ. ಆದರೆ ಆ ಪಿನ್ ನಿಮಗೂ ಗೊತ್ತಾಗದಿರಲಿ.

ಐದು, ಬ್ಯಾಂಕಿನ ಎಸ್‌ಎಂಎಸ್ ಹೇಗಿರುತ್ತದೆ ಎಂದು ಓದಿ ತೋರಿಸಿ. ‘ಡೆಬಿಟೆಡ್’ ಎಂದರೆ ಹಣ ಹೋಯಿತು, ‘ಕ್ರೆಡಿಟೆಡ್’ ಎಂದರೆ ಬಂತು. ಈ ಎರಡು ಪದ ಗುರುತಿಸಲು ಬಂದರೆ ಸಾಕು, ಮೂರು ದಿನಗಳ ಲೆಕ್ಕ ಅವರ ಕೈಯಲ್ಲಿರುತ್ತದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಹಣ ಕೊಡುವವರಿಗೆ ಇನ್ನೊಂದು ಮಾತು ಹೇಳಿ: ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ.

ಹಣ ಹೋದ ದಿನ ಮಾಡಬೇಕಾದ ಕ್ರಮ ಇದು. ಮೊದಲು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ತಡೆಯಿರಿ. ದೂರಿನ ಸಂಖ್ಯೆ, ದಿನಾಂಕ ಮತ್ತು ಗಂಟೆ ಬರೆದುಕೊಳ್ಳಿ. ಕೂಡಲೇ 1930ಕ್ಕೆ ಹೇಳಿ. ಮರುದಿನ ಶಾಖೆಗೆ ಹೋಗಿ ಅರ್ಜಿ ಕೊಡಿ, ಕನ್ನಡದಲ್ಲಿ ಬರೆಯಿರಿ, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನಗಳಲ್ಲಿ ಸಮಾಧಾನಕರ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

ವ್ಯಾಪಾರ ಮಾಡುವ ಸದಸ್ಯರಲ್ಲಿಯೂ ಒಂದು ವಿನಂತಿ. ನಿಮ್ಮಲ್ಲಿ ಬೇಕರಿ, ಹೋಟೆಲು, ಬಟ್ಟೆ ಅಂಗಡಿ ನಡೆಸುವವರಿದ್ದೀರಿ. ಗಿರಾಕಿಯ ಕಾರ್ಡನ್ನು ಅವರ ಕಣ್ಣ ಮುಂದೆಯೇ ಉಜ್ಜಿ, ಒಳಗೆ ಒಯ್ಯಬೇಡಿ. ಪಿನ್ ಕೇಳಬೇಡಿ, ಯಂತ್ರವನ್ನೇ ಅವರ ಕೈಗೆ ಕೊಡಿ. ಫೋನ್ ಸಂಖ್ಯೆ ಬರೆದುಕೊಳ್ಳುವ ಪುಸ್ತಕವನ್ನು ಕೌಂಟರಿನ ಮೇಲೆ ಬಿಟ್ಟುಹೋಗಬೇಡಿ. ಬೇಡವಾದ ವಿವರವನ್ನು ಕೇಳಲೇಬೇಡಿ. ಇಟ್ಟುಕೊಳ್ಳದ ವಸ್ತು ಕಳುವಾಗುವುದಿಲ್ಲ.

ಸಂಘದ ಪದಾಧಿಕಾರಿಗಳಲ್ಲಿ ನನ್ನ ಸಲಹೆ ಇಷ್ಟೇ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಲು ನಾವು ಕೂರುವಾಗ, ಅದೇ ಮೇಜಿನಲ್ಲಿ ಬ್ಯಾಂಕಿನ ದೂರು ಅರ್ಜಿ ಬರೆದುಕೊಡಲು ಇಬ್ಬರು ಕಾಲೇಜು ವಿದ್ಯಾರ್ಥಿಗಳು ಇರಲಿ. ಬಂದವರನ್ನು ‘ಯಾಕೆ ಹೇಳಿದಿರಿ, ಯಾಕೆ ಕೊಟ್ಟಿರಿ’ ಎಂದು ಮೊದಲೇ ಗದರಿಸದೆ, ‘ಯಾವ ದಿನ ಮೆಸೇಜ್ ಬಂತು?’ ಎಂದು ಕೇಳುವವರು ಬೇಕು. ಬೈಸಿಕೊಳ್ಳುವ ಭಯವಿದ್ದವರು ತಡವಾಗಿ ಬರುತ್ತಾರೆ. ತಡವಾದರೆ ಎಷ್ಟು ಹೋಗುತ್ತದೆ ಎಂಬ ಲೆಕ್ಕವನ್ನು ಈಗಷ್ಟೇ ಮಾಡಿದ್ದೇವೆ.

ಮನೆಗೆ ಹೋದ ಮೇಲೆ ಮೊದಲು ಕ್ಯಾಲೆಂಡರಿನಲ್ಲಿ ಆ ಎರಡು ಸಂಖ್ಯೆಗಳನ್ನು ಬರೆಯಿರಿ.